ಹಳೆಯ ಕಾರು, ಹೊಸ ಪಿಸ್ಟನ್

ಒಂದು ಕಾರನ್ನು ಕಲ್ಪಿಸಿಕೊಳ್ಳಿ. 1938ರ ಷೆವರ್ಲೆ. ಕಾರವಾರದ ಹಳೆಯ ಮನೆಯೊಂದರ ಪಕ್ಕದಲ್ಲಿ, ಹಂಚಿನ ಮಾಡಿನ ಕೆಳಗೆ ಮೂವತ್ತು ಮಳೆಗಾಲಗಳಿಂದ ನಿಂತಿದೆ. ಮೇಲಿನ ಬಣ್ಣ ಅಲ್ಲಲ್ಲಿ ಎದ್ದಿದ್ದರೂ ಗಾಡಿ ನೋಡಲು ಗಟ್ಟಿಯಾಗಿಯೇ ಇದೆ. ಮನೆಯ ಹುಡುಗನೊಬ್ಬ ಉತ್ಸಾಹದಿಂದ ಮುಂಭಾಗಕ್ಕೆ ಹ್ಯಾಂಡಲ್ ಹಾಕಿ ತಿರುಗಿಸಲು ನೋಡುತ್ತಾನೆ. ಹ್ಯಾಂಡಲ್ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಇದಕ್ಕೆ ಕಾರಣ ಕಾರವಾರದ ಗಾಳಿಯಲ್ಲೇ ಇದೆ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ. ಉಳಿದ ದಿನಗಳಲ್ಲಿ ಕಡಲಿನ ಉಪ್ಪುಗಾಳಿ ಬೀಸುತ್ತದೆ. ಎಂಜಿನ್ ನಿಂತಾಗ ಯಾವುದಾದರೊಂದು ಸಿಲಿಂಡರಿನ ಕವಾಟ ತೆರೆದೇ ಇರುತ್ತದೆ. ಅದರ ಮೂಲಕ ತೇವ ಒಳಹೊಕ್ಕು, ಪಿಸ್ಟನ್ನಿನ ಸುತ್ತ ಇರುವ ಬೀಡುಕಬ್ಬಿಣದ ರಿಂಗುಗಳನ್ನು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಬೆಸೆದುಬಿಡುತ್ತದೆ. ವಾರಗಟ್ಟಲೆ ಸೀಮೆಎಣ್ಣೆ ನೆನೆಹಾಕಿ, ಮರದ ತುಂಡಿಟ್ಟು ತಟ್ಟಿ ಪಿಸ್ಟನ್ ಬಿಡಿಸಬಹುದು. ಬಿಡಿಸಿದ ಮೇಲೆ ಕಾಣುವುದು ಸಿಡುಬಿನ ಕಲೆಗಳಂತೆ ಹೊಂಡಬಿದ್ದ ಗೋಡೆ, ಮುರಿದ ರಿಂಗುಗಳು. ಈಗ ಹೊಸ ಬಿಡಿಭಾಗ ಬೇಕು. ಅದನ್ನು ತರುವುದೆಲ್ಲಿಂದ?

ಇದು ಮೆಕ್ಯಾನಿಕ್ ಉತ್ತರಿಸಬೇಕಾದ ಪ್ರಶ್ನೆ, ಇತಿಹಾಸದ ಲೇಖನದಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಆದರೆ ಒಂದು ಬಿಡಿಭಾಗ ಒಂದು ಊರಿನಲ್ಲಿ ಏಕೆ ಸಿಗುತ್ತದೆ, ಏಕೆ ಸಿಗುವುದಿಲ್ಲ ಎಂಬುದು ಬಂದರು, ರಸ್ತೆ, ಯುದ್ಧ, ಗಡಿ ಮತ್ತು ಸರಕಾರದ ಕಾಯಿದೆಗಳಿಗೆ ಸಂಬಂಧಿಸಿದ ಸಂಗತಿ. ಕಾರವಾರ, ಅಂಕೋಲೆಗಳಲ್ಲಂತೂ ಅದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಭೂಪಟ ನೋಡೋಣ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ 1956ರ ನವೆಂಬರ್ 1ರವರೆಗೆ ಕಾರವಾರದ ಕಚೇರಿ, ವ್ಯಾಪಾರ ಎರಡಕ್ಕೂ ಮುಂಬಯಿಯೇ ರಾಜಧಾನಿ. ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದದ್ದು 1998ರ ಜನವರಿ 26ರಂದು. ಅದಕ್ಕೆ ಮೊದಲು ಮುಂಬಯಿಯ ಸಾಮಾನು ಕಾರವಾರಕ್ಕೆ ಕರಾವಳಿಯ ಉಗಿಹಡಗುಗಳಲ್ಲಿ ಬರಬೇಕು, ಇಲ್ಲವೇ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಯಲ್ಲಾಪುರದ ಮೇಲೆ ಆರಬೈಲು ಘಟ್ಟ ಇಳಿಯಬೇಕು. ಹಡಗುಗಳು ಮಳೆಗಾಲದಲ್ಲಿ ನಿಂತುಬಿಡುತ್ತಿದ್ದವು. ಕರಾವಳಿಯ ರಸ್ತೆಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಡ್ಡವಾಗಿ ಹರಿಯುತ್ತವೆ. ಸೇತುವೆಗಳಾಗುವವರೆಗೆ ಮೋಟಾರು ಗಾಡಿಗಳನ್ನೂ ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೇ ದಾಟಿಸುತ್ತಿದ್ದರು. ಜೂನ್ ತಿಂಗಳಲ್ಲಿ ಒಂದು ಗ್ಯಾಸ್ಕೆಟ್ ಸುಟ್ಟರೆ ಗಾಡಿಯ ಧನಿಗೆ ನವರಾತ್ರಿಯ ತನಕ ಕಾಯುವ ತಾಳ್ಮೆ ಬೇಕಾಗುತ್ತಿತ್ತು, ಅಥವಾ ಹತ್ತಿರದಲ್ಲೇ ತಾಮ್ರದ ತಗಡು ಕತ್ತರಿಸಿ ಕೊಡಬಲ್ಲ ಕಸುಬುದಾರ ಬೇಕಾಗುತ್ತಿದ್ದ.

ಆದರೂ ಆ ಕಾಲದಲ್ಲಿ ಬಿಡಿಭಾಗ ಎಲ್ಲೋ ಒಂದು ಕಡೆ ಇದ್ದೇ ಇರುತ್ತಿತ್ತು. ಫೋರ್ಡ್ ಕಂಪನಿ 1926ರಲ್ಲಿ ಭಾರತದಲ್ಲಿ ತನ್ನ ಶಾಖೆ ತೆರೆಯಿತು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಷೆವರ್ಲೆಗಳನ್ನು ಜೋಡಿಸಲು ಆರಂಭಿಸಿತು. ಅಮೆರಿಕದಿಂದ ಪೆಟ್ಟಿಗೆಗಳಲ್ಲಿ ಬಂದ ಭಾಗಗಳು ಇಲ್ಲಿ ಗಾಡಿಯಾಗುತ್ತಿದ್ದವು. ಅದರ ಜೊತೆಗೇ ಬಿಡಿಭಾಗದ ಉಗ್ರಾಣಗಳೂ ಬಂದವು. ಪಟ್ಟಿಯಲ್ಲಿ ನಂಬರು ನೋಡಿ ಮುಂಬಯಿಗೆ ಕಾಗದ ಬರೆದರೆ ಸಾಕಾಗುತ್ತಿತ್ತು.

ಎರಡನೆಯ ಮಹಾಯುದ್ಧ ಈ ಅನುಕೂಲವನ್ನು ಕೆಡಿಸಿತು. 1942ರಲ್ಲಿ ಬರ್ಮಾ ಜಪಾನಿನ ವಶವಾದ ಮೇಲೆ ಪೆಟ್ರೋಲಿನ ಅಭಾವ ಬಿಗಿಯಾಯಿತು. ಹಡಗುಗಳಲ್ಲಿ ಸೈನ್ಯದ ಸಾಮಾನಿಗೇ ಮೊದಲ ಜಾಗ. ಆಗ ದೇಶದ ತುಂಬ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಬಸ್ಸಿನ ಹಿಂಬದಿಗೆ ಆಳೆತ್ತರದ ಒಲೆ. ಅದರಲ್ಲಿ ಇದ್ದಿಲನ್ನು ಕಡಮೆ ಗಾಳಿಯಲ್ಲಿ ಉರಿಸಿದರೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದನ್ನು ಸೋಸಿ ಎಂಜಿನ್ನಿಗೆ ಕೊಡುತ್ತಿದ್ದರು. ಶಕ್ತಿ ಕಡಮೆ, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಹಿರಿಯರು ಇದನ್ನು ನಗುತ್ತಾ ಹೇಳುತ್ತಾರೆ. ಆದರೆ ಎಂಜಿನ್ನಿನ ಪಾಲಿಗೆ ಅದು ನಗುವ ವಿಷಯವಾಗಿರಲಿಲ್ಲ. ಎಷ್ಟು ಸೋಸಿದರೂ ಸಣ್ಣ ಬೂದಿ ಒಳಗೆ ಹೋಗಿ ರಿಂಗುಗಳನ್ನೂ ಸಿಲಿಂಡರನ್ನೂ ಉಜ್ಜುಗಾಗದದಂತೆ ಸವೆಸುತ್ತಿತ್ತು. ಸವೆತ ಹೆಚ್ಚಿದ ಹೊತ್ತಿನಲ್ಲೇ ಬಿಡಿಭಾಗದ ಬಾಗಿಲು ಮುಚ್ಚಿತ್ತು.

ಯುದ್ಧ ಮುಗಿದಾಗ ವಿಚಿತ್ರವಾದ ಒಂದು ಸಹಾಯ ದೊರೆಯಿತು. ಕೆನಡಾದಲ್ಲಿ ತಯಾರಾಗಿ ಭಾರತ ಮತ್ತು ಬರ್ಮಾ ರಂಗಕ್ಕೆ ಬಂದಿದ್ದ ಮಿಲಿಟರಿ ಷೆವರ್ಲೆ ಲಾರಿಗಳನ್ನು ‘ಡಿಸ್ಪೋಸಲ್’ ಎಂದು ಹರಾಜು ಹಾಕಿದರು. ಈ ಲಾರಿಯ ಎಂಜಿನ್ ಮತ್ತು ನಮ್ಮ 1938ರ ಕಾರಿನ ಎಂಜಿನ್ ಒಂದೇ ವಂಶದವು: ಆರು ಸಿಲಿಂಡರು, ವ್ಯಾಸ ಮೂರೂವರೆ ಇಂಚು, ಪಿಸ್ಟನ್ನಿನ ಓಡಾಟ ಮೂರೂಮುಕ್ಕಾಲು ಇಂಚು, ಒಟ್ಟು 216 ಘನ ಇಂಚು. ಬ್ರಿಟನ್ನಿನಲ್ಲಿ 1931ರಲ್ಲಿ ಆರಂಭವಾದ ಬೆಡ್‌ಫೋರ್ಡ್ ಲಾರಿಯ ಮೂಲವೂ ಷೆವರ್ಲೆಯೇ. ಹೀಗಾಗಿ ಹಳೆಯ ಕಾರಿನ ಭಾಗ ಹುಡುಕುವವನು ಕಾರಿನ ಹೆಸರಿಗೆ ಅಂಟಿಕೊಂಡರೆ ಕೆಡುತ್ತಾನೆ. ಆ ಎಂಜಿನ್ನಿನ ಅಣ್ಣತಮ್ಮಂದಿರು ಯಾವ ಲಾರಿಯಲ್ಲಿ, ಯಾವ ಟ್ರ್ಯಾಕ್ಟರಿನಲ್ಲಿ ಇದ್ದಾರೆಂದು ಹುಡುಕಬೇಕು. ಮುಂಬಯಿಯ ಚೋರ್ ಬಜಾರ್, ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ಕಲ್ಕತ್ತೆಯ ಮಲ್ಲಿಕ್ ಬಜಾರ್ ಎಂದರೆ ಈ ವಂಶಾವಳಿಯನ್ನು ಬಾಯಿಪಾಠ ಮಾಡಿಕೊಂಡವರ ಸಂತೆ.

ಬಾಗಿಲು ನಿಜವಾಗಿ ಮುಚ್ಚಿದ್ದು 1953ರಲ್ಲಿ. ಆ ವರ್ಷ ಸುಂಕ ಆಯೋಗದ ವರದಿ ಬಂದಿತು. ಈ ದೇಶದಲ್ಲಿ ಕ್ರಮಕ್ರಮವಾಗಿ ಗಾಡಿಗಳನ್ನು ತಯಾರಿಸುವ ಯೋಜನೆ ಇಲ್ಲದೆ, ಕೇವಲ ಪರದೇಶದ ಭಾಗಗಳನ್ನು ಜೋಡಿಸುವ ಕಂಪನಿಗಳು ಕೆಲಸ ನಿಲ್ಲಿಸಬೇಕೆಂದು ಸರಕಾರ ತೀರ್ಮಾನಿಸಿತು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಹೊರಟುಹೋದವು. ಸ್ವದೇಶಿ ಉದ್ಯಮ ಬೆಳೆಯಬೇಕೆಂಬ ಉದ್ದೇಶ ಸರಿಯಾದದ್ದೇ. ಅದರಿಂದ ಅಂಬಾಸಿಡರ್ ಬಂತು, ಫಿಯಟ್ ಬಂತು. 1949ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಇಂಡಿಯಾ ಪಿಸ್ಟನ್ಸ್‌ನಂಥ ಕಾರ್ಖಾನೆಗಳೂ ಬೆಳೆದವು. ಆದರೆ ರಸ್ತೆಯಲ್ಲಿದ್ದ ಷೆವರ್ಲೆ, ಬ್ಯೂಕ್, ಫೋರ್ಡ್‌ಗಳೆಲ್ಲ ಒಂದೇ ಆಜ್ಞೆಯಿಂದ ತಬ್ಬಲಿಗಳಾದವು ಎಂಬುದನ್ನೂ ಇತಿಹಾಸ ಬರೆಯುವವರು ಮರೆಯಬಾರದು.

ಕಾರವಾರಕ್ಕೆ ಇನ್ನೊಂದು ವಿಶೇಷವಿತ್ತು. ಊರಿನಿಂದ ಹದಿನೈದು ಕಿಲೋಮೀಟರ್ ಹೋದರೆ, ಮಾಜಾಳಿಯಾಚೆ, 1961ರ ಡಿಸೆಂಬರಿನವರೆಗೆ ಪೋರ್ಚುಗೀಸರ ರಾಜ್ಯ. ಭಾರತ ಸರಕಾರ ಗೋವೆಗೆ ಆರ್ಥಿಕ ದಿಗ್ಬಂಧನ ಹಾಕಿದ್ದ ವರ್ಷಗಳಲ್ಲಿ ಗೋವೆಯ ಕಬ್ಬಿಣದ ಅದಿರು ಜಪಾನಿಗೂ ಪಶ್ಚಿಮ ಜರ್ಮನಿಗೂ ಹೋಗುತ್ತಿತ್ತು. ಬದಲಿಗೆ ಪರದೇಶದ ಸಾಮಾನು ಧಾರಾಳವಾಗಿ ಇಳಿಯುತ್ತಿತ್ತು. ಇಲ್ಲಿ ಅಂಬಾಸಿಡರಿಗೂ ಪಾಳಿ ಹಚ್ಚಿ ಕಾಯಬೇಕಾಗಿದ್ದಾಗ ಅಲ್ಲಿ ಮರ್ಸಿಡಿಸ್‌ನಂಥ ಜರ್ಮನಿಯ ಕಾರುಗಳು ಓಡಾಡಿದವು. ಗೋವೆ ವಿಮೋಚನೆಯಾದ ಮೇಲೆ ಆ ಕಾರುಗಳೂ ಭಾರತದ ಆಮದು ನಿಯಮಗಳ ಕೆಳಗೆ ಬಂದವು. ಅವೂ ತಬ್ಬಲಿಗಳ ಸಾಲಿಗೆ ಸೇರಿದವು.

ಇದರ ಪರಿಣಾಮವನ್ನು ಒಂದು ಬೋಲ್ಟಿನಲ್ಲಿ ಕಾಣಬಹುದು. ಬೋಲ್ಟಿನ ತಿರುಪು, ಅಂದರೆ ಗ್ಯಾರೇಜಿನ ಮಾತಿನಲ್ಲಿ ಥ್ರೆಡ್, ಎಲ್ಲ ದೇಶಗಳಲ್ಲಿ ಒಂದೇ ಅಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ ಪದ್ಧತಿಯಲ್ಲಿ ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದ ಪದ್ಧತಿಯಲ್ಲಿ 60 ಡಿಗ್ರಿ, ಆದರೆ ಅಳತೆ ಇಂಚಿನದು. ಯೂರೋಪ್ ಖಂಡದ್ದು 60 ಡಿಗ್ರಿ, ಅಳತೆ ಮಿಲಿಮೀಟರಿನದು. ಬ್ರಿಟಿಷ್ ಕಾರು, ಅಮೆರಿಕನ್ ಕಾರು, ಗೋವೆಯ ಕಡೆಯ ಜರ್ಮನ್ ಕಾರು ಮೂರೂ ಬರುವ ಈ ಗಡಿಯಲ್ಲಿ ಕಸುಬುದಾರನಿಗೆ ಮೂರು ಭಾಷೆಯ ತಿರುಪು ತಿಳಿದಿರಬೇಕು. ಮೋರಿಸ್ ಕಾರುಗಳದು ಇನ್ನೂ ತಮಾಷೆ. ಮೋರಿಸ್ ಕಂಪನಿ 1923ರಲ್ಲಿ ಫ್ರೆಂಚ್ ಮೂಲದ ಹಾಚ್‌ಕಿಸ್ ಸಂಸ್ಥೆಯ ಕೊವೆಂಟ್ರಿ ಕಾರ್ಖಾನೆಯನ್ನು ಕೊಂಡಿತು. ಅಲ್ಲಿನ ಯಂತ್ರಗಳು ಮಿಲಿಮೀಟರ್ ಅಳತೆಯಲ್ಲೇ ತಿರುಪು ಕೊರೆಯುತ್ತಿದ್ದವು. ಆದ್ದರಿಂದ ಬೋಲ್ಟಿನ ತಲೆಗೆ ಇಂಗ್ಲಿಷ್ ಸ್ಪ್ಯಾನರ್ ಕೂರುತ್ತದೆ, ಹೊಟ್ಟೆಯಲ್ಲಿ ಮಾತ್ರ ಫ್ರೆಂಚ್ ಅಳತೆ! ಅದು ತಿಳಿಯದೆ ಬೇರೆ ನಟ್ ಬಿಗಿದರೆ ಎರಡೂ ಹಾಳು.

ಈಗ ನಮ್ಮ ಷೆವರ್ಲೆಗೆ ಮರಳೋಣ. ಹೊಂಡಬಿದ್ದ ಸಿಲಿಂಡರನ್ನು ಬೋರಿಂಗ್ ಯಂತ್ರದಲ್ಲಿ ಹಿಗ್ಗಿಸಿ ನುಣುಪು ಮಾಡುತ್ತಾರೆ. ಗ್ಯಾರೇಜುಗಳಲ್ಲಿ ಇಂದಿಗೂ ಇದರ ಲೆಕ್ಕ ‘ಥೌ’, ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲು ಸುಮಾರು ಮೂರು ಥೌ ದಪ್ಪ. ಮೂವತ್ತು ಥೌ ಹಿಗ್ಗಿಸಿದರೆ ಅಷ್ಟೇ ದೊಡ್ಡ ಪಿಸ್ಟನ್, ರಿಂಗು ಬೇಕು. ಹೊಂಡ ಇನ್ನೂ ಆಳವಾಗಿದ್ದರೆ ಒಳಗೆ ತೆಳು ಕೊಳವೆಯಂಥ ಲೈನರ್ ಕೂರಿಸಿ ಮೊದಲಿನ ಮೂರೂವರೆ ಇಂಚಿಗೆ ತರಬೇಕು. ನಮ್ಮಲ್ಲಿ ಎಷ್ಟೋ ಲಾರಿಗಳಿಗೆ ಬಂದ ಪರ್ಕಿನ್ಸ್ ಪಿ-6 ಡೀಸೆಲ್ ಎಂಜಿನ್ನಿನ ವ್ಯಾಸವೂ ಮೂರೂವರೆ ಇಂಚೇ. ಹಾಗೆಂದು ಅದರ ರಿಂಗನ್ನು ಕಣ್ಣುಮುಚ್ಚಿ ತಂದು ಹಾಕುವಂತಿಲ್ಲ. ರಿಂಗಿನ ದಪ್ಪ, ಅದು ಕೂರುವ ಗಾಡಿಯ ಆಳ, ಎರಡು ತುದಿಗಳ ನಡುವಿನ ಬಿರುಕು ಎಲ್ಲವನ್ನೂ ಅಳೆಯಬೇಕು. ವ್ಯಾಸದ ಪ್ರತಿ ಇಂಚಿಗೆ ಮೂರರಿಂದ ನಾಲ್ಕು ಥೌ ಬಿರುಕು ಬಿಡಬೇಕೆಂಬುದು ರೂಢಿ. ಕಡಮೆಯಾದರೆ ಬಿಸಿಗೆ ತುದಿಗಳು ಒಂದಕ್ಕೊಂದು ತಾಗಿ ರಿಂಗು ಮುರಿಯುತ್ತದೆ. ಪಿಸ್ಟನ್ನಿನಲ್ಲೂ ಇಂಥದೇ ಅಪಾಯವಿದೆ. ಈ ಷೆವರ್ಲೆಯ ಮೂಲ ಪಿಸ್ಟನ್ ಬೀಡುಕಬ್ಬಿಣದ್ದು. ಈಗ ಸುಲಭವಾಗಿ ಮಾಡಿಸಬಹುದಾದದ್ದು ಅಲ್ಯೂಮಿನಿಯಮ್ಮಿನದು, ಅದು ಬಿಸಿಗೆ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಳೆಯ ಸಂದನ್ನೇ ಇಟ್ಟರೆ ಬಿಸಿಯೇರಿದ ಕೂಡಲೇ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಹಾಕುವುದಾದರೆ ಆರನ್ನೂ ಒಂದೇ ತೂಕದವನ್ನು ಹಾಕಬೇಕು.

ಎಲ್ಲಕ್ಕಿಂತ ಕಷ್ಟದ ಕೆಲಸ ಬೇರಿಂಗಿನದು. ಪಿಸ್ಟನ್ನಿಗೆ ಕಟ್ಟಿದ ಕನೆಕ್ಟಿಂಗ್ ರಾಡ್ ಕೆಳಗೆ ಕ್ರ್ಯಾಂಕ್‌ಶಾಫ್ಟನ್ನು ಹಿಡಿಯುವ ಕಡೆ ಇಂದಿನ ಗಾಡಿಗಳಲ್ಲಿ ಅಂಗಡಿಯಲ್ಲಿ ಸಿಗುವ ತೆಳು ಚಿಪ್ಪುಗಳಿರುತ್ತವೆ. 1938ರ ಷೆವರ್ಲೆಯಲ್ಲಿ ಹಾಗಿಲ್ಲ. ಬಿಳಿಲೋಹವನ್ನು ಕರಗಿಸಿ ನೇರವಾಗಿ ರಾಡಿಗೇ ಎರೆದಿರುತ್ತಾರೆ. ಇದನ್ನು ಕಂಡುಹಿಡಿದವನು ಅಮೆರಿಕದ ಮ್ಯಾಸಚೂಸೆಟ್ಸಿನ ಐಸಾಕ್ ಬ್ಯಾಬಿಟ್, 1839ರಲ್ಲಿ. ಅವನ ಮೂಲ ಕಸುಬು ಅಕ್ಕಸಾಲಿಕೆ. ಒಂದು ಒಳ್ಳೆಯ ಮಿಶ್ರಣದಲ್ಲಿ ತವರ ನೂರಕ್ಕೆ 89, ಆಂಟಿಮನಿ ಏಳೂವರೆ, ತಾಮ್ರ ಮೂರೂವರೆ ಭಾಗ. ಮೆತ್ತಗಿನ ತವರದಲ್ಲಿ ಗಟ್ಟಿ ಹರಳುಗಳು ಹುದುಗಿರುತ್ತವೆ; ಹರಳುಗಳು ಭಾರ ಹೊರುತ್ತವೆ, ತವರವು ಕಸದ ಕಣಗಳನ್ನು ತನ್ನೊಳಗೆ ಹುದುಗಿಸಿಕೊಂಡು ಶಾಫ್ಟನ್ನು ಉಳಿಸುತ್ತದೆ.

ಎರೆಯುವ ವಿಧಾನ ನಮ್ಮ ಮನೆಗಳಿಗೆ ಅಪರಿಚಿತವೇನಲ್ಲ. ಮೊದಲು ಹಳೆಯ ಲೋಹ ಕರಗಿಸಿ ತೆಗೆದು, ರಾಡನ್ನು ಉಜ್ಜಿ, ಬಿಸಿಮಾಡಿ, ತೆಳುವಾಗಿ ತವರ ಹಿಡಿಸುತ್ತಾರೆ. ತಾಮ್ರದ ಪಾತ್ರೆಗೆ ನವಸಾಗರ ಹಾಕಿ ಕಲಾಯಿ ಮಾಡುವುದನ್ನು ನೋಡಿದವರಿಗೆ ಇದು ಅದೇ ಕೆಲಸ ಎಂದು ತಿಳಿಯುತ್ತದೆ. ಕಲಾಯಿ ಹಿಡಿಯದ ಜಾಗದಲ್ಲಿ ಬಿಳಿಲೋಹ ಅಂಟುವುದಿಲ್ಲ, ಮುಂದೊಂದು ದಿನ ಸಿಪ್ಪೆಯಂತೆ ಕಳಚುತ್ತದೆ. ನಡುವೆ ಶಾಫ್ಟಿನಷ್ಟು ದಪ್ಪದ ದಿಂಡು ನಿಲ್ಲಿಸಿ, ಸಂದುಗಳನ್ನು ಮುಚ್ಚಿ, ಒಂದೇ ಧಾರೆಯಲ್ಲಿ ಎರೆಯಬೇಕು. ಅಚ್ಚಿನಲ್ಲಿ ನೀರಿನ ಹನಿಯಿದ್ದರೆ ಕರಗಿದ ಲೋಹ ಸಿಡಿದು ಮುಖಕ್ಕೆ ಹಾರುತ್ತದೆ. ಅಗ್ಗದ ಮಿಶ್ರಣದಲ್ಲಿ ಸೀಸವಿರುವುದರಿಂದ ಹೊಗೆ ವಿಷ. ಇದು ವಿದ್ಯಾರ್ಥಿಗಳು ಮನೆಯಲ್ಲಿ ಮಾಡಿನೋಡುವ ಪ್ರಯೋಗವಲ್ಲ. ಆರಿದ ಮೇಲೆ ಲೇತಿನಲ್ಲಿ ಕೊರೆದು, ಶಾಫ್ಟಿಗೆ ನೀಲಿಬಣ್ಣ ಹಚ್ಚಿ ತಿರುಗಿಸಿ, ಬಣ್ಣ ತಾಗಿದ ಉಬ್ಬುಗಳನ್ನು ಕೈಯಿಂದಲೇ ಹೆರೆಯುತ್ತಾರೆ. ಎರಡು ಥೌ ಹತ್ತಿರದ ಸಂದು ಉಳಿಯಬೇಕು. ಈ ಎಂಜಿನ್ನಿನಲ್ಲಿ ರಾಡಿನ ತುದಿಗೆ ಸಣ್ಣ ಸೌಟು ಇದ್ದು, ಕೆಳಗಿನ ತೊಟ್ಟಿಯಿಂದ ಎಣ್ಣೆ ಮೊಗೆದುಕೊಳ್ಳುತ್ತದೆ. ಎಣ್ಣೆ ತಗ್ಗಿದರೆ ಬಿಳಿಲೋಹ ಮತ್ತೆ ಕರಗಿ ತೊಟ್ಟಿಗೇ ಸೇರುತ್ತದೆ, ಮಾಡಿದ ಶ್ರಮವೆಲ್ಲ ನೀರುಪಾಲು.

ಇಷ್ಟೆಲ್ಲ ಮಾಡುವ ಲೇತುಗಳು, ಕೈಗಳು ಈ ಭಾಗಕ್ಕೆ ಎಲ್ಲಿಂದ ಬಂದವು? ಘಟ್ಟದ ಮೇಲಿನ ಹುಬ್ಬಳ್ಳಿಯಲ್ಲಿ 19ನೆಯ ಶತಮಾನದ ಕೊನೆಯಿಂದಲೂ ರೈಲ್ವೆ ಕಾರ್ಯಾಗಾರವಿದೆ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರ ಪರಂಪರೆಯಲ್ಲೇ 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಅದು ತಯಾರಿಸಿದ ಲೇತುಗಳು ಕಾರ್ಖಾನೆ ಮುಚ್ಚಿದ ಮೇಲೂ ಕೆಲಸ ಮಾಡಿವೆ. ಬೆಳಗಾವಿಯ ಉದ್ಯಮಬಾಗಿನ ಸುತ್ತ ಬೆಳೆದ ಎರಕದ ಕಾರ್ಖಾನೆಗಳು, ಕ್ರ್ಯಾಂಕ್‌ಶಾಫ್ಟ್ ಕೊರೆಯುವ ಘಟಕಗಳು ದೇಶಕ್ಕೆಲ್ಲ ಪರಿಚಿತ. ನೀರಿನ ಪಂಪಿನ ಒಡೆದ ಮೈಯಂಥ ಭಾಗವನ್ನು ಹೊಸದಾಗಿ ಎರಕ ಹೊಯ್ಯಬೇಕಾದರೆ ಮೊದಲು ಮರದ ಅಚ್ಚು ಬೇಕು. ತೇಗ ಅದಕ್ಕೆ ಒಳ್ಳೆಯದು, ಉತ್ತರ ಕನ್ನಡದಲ್ಲಿ ತೇಗಕ್ಕೇನು ಬರ! ಬೀಡುಕಬ್ಬಿಣ ಆರುವಾಗ ಅಡಿಗೆ ಎಂಟನೆಯ ಒಂದು ಇಂಚಿನಷ್ಟು ಕುಗ್ಗುತ್ತದೆ. ಹಾಗಾಗಿ ಬಡಗಿ ಅಚ್ಚನ್ನು ಅಷ್ಟು ದೊಡ್ಡದಾಗಿ ಕೆತ್ತಬೇಕು.

ಕರಾವಳಿಯ ತನ್ನದೇ ಕೊಡುಗೆ ಕಡಲಿನಿಂದ ಬಂದದ್ದು. ಕೇರಳದಲ್ಲಿ ಆರಂಭವಾಗಿದ್ದ ಭಾರತ–ನಾರ್ವೆ ಮೀನುಗಾರಿಕಾ ಯೋಜನೆ 1963ರಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಹಾಯಿದೋಣಿಗಳ ಪಕ್ಕದಲ್ಲಿ ಡೀಸೆಲ್ ದೋಣಿಗಳು ನಿಂತವು. ಸೆಪ್ಟೆಂಬರಿನ ಮೀನಿನ ಸುಗ್ಗಿಯಲ್ಲಿ ದೋಣಿಯ ಶಾಫ್ಟ್ ಬಾಗಿದರೆ ಮುಂಬಯಿಯ ದಾರಿ ಕಾಯಲಾಗುವುದಿಲ್ಲ. ಬೈತಖೋಲದಂಥ ಮೀನುಗಾರಿಕೆ ಬಂದರುಗಳಿಗೆ ಲೇತು, ವೆಲ್ಡಿಂಗ್, ಕಂಚಿನ ಬುಷ್ ಕೊರೆಯುವವರು ಅನಿವಾರ್ಯವಾದದ್ದು ಹೀಗೆ. ಹಳೆಯ ಕಾರುಗಳನ್ನು ನಂಬಿ ಯಾವ ಟರ್ನರೂ ಈ ಊರುಗಳಲ್ಲಿ ಹೊಟ್ಟೆ ಹೊರೆಯಲಾರ. ಅಂಕೋಲೆ ಹೆದ್ದಾರಿಯ ಲಾರಿಗಳೂ ಕಾರವಾರದ ದೋಣಿಗಳೂ ಅವನಿಗೆ ಅನ್ನ ಕೊಡುವುದರಿಂದಲೇ ಕಾರಿನವನಿಗೂ ಅವನು ಸಿಗುತ್ತಾನೆ.

ಈಗ ಒಂದು ವಾದವಿದೆ. ಹೀಗೆ ಹೊಸ ಪಿಸ್ಟನ್, ಹೊಸ ಲೈನರ್ ಹಾಕಿದ ಮೇಲೆ ಅದು 1938ರ ಕಾರೆಂದು ಹೇಗೆ ಹೇಳುವುದು? ಕೇಂದ್ರ ಸರಕಾರ 2021ರಲ್ಲಿ ತಂದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ, ದೊಡ್ಡ ಬದಲಾವಣೆ ಮಾಡಿಸಿಕೊಳ್ಳದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ; ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು, ಬದಲಿಸಿದ ಭಾಗಗಳಿಗೆ ಅಳಿಸದ ಗುರುತು ಹಾಕಿ ಹಳೆಯದರಿಂದ ಬೇರ್ಪಡಿಸಿ ತೋರಿಸಬೇಕೆನ್ನುತ್ತದೆ. ನನಗೆ ಈ ಮಾತು ಸರಿಯೆನಿಸುತ್ತದೆ. ಅಸಲಿ ಭಾಗವೇ ಬೇಕೆಂದು ಹಟ ಹಿಡಿದು ಇನ್ನೊಂದು ಹಳೆಯ ಕಾರನ್ನು ಬಿಚ್ಚಿ ಹಾಳುಮಾಡುವುದಕ್ಕಿಂತ, ಬೆಳಗಾವಿಯಲ್ಲಿ ಎರಕ ಹೊಯ್ದ ಭಾಗದ ಮೇಲೆ ಇಸವಿ ಕೆತ್ತಿ ಹಾಕುವುದು ಹೆಚ್ಚು ಪ್ರಾಮಾಣಿಕ. 1943ರ ಇದ್ದಿಲಿನ ಬಸ್ಸಿನಲ್ಲಿದ್ದ ರಿಂಗು ಕೈಯಿಂದ ಮಾಡಿದ್ದಾಗಿದ್ದರೆ ಅದೂ ಇತಿಹಾಸವೇ ಅಲ್ಲವೇ?

ಈಗ ಕಂಪ್ಯೂಟರಿನ ಸಹಾಯದಿಂದ ಹಳೆಯ ಭಾಗವನ್ನು ಮೂರು ಆಯಾಮದಲ್ಲಿ ಅಳೆದು ಮರಳಿನ ಅಚ್ಚನ್ನೇ ಮುದ್ರಿಸಬಹುದು. ಮರದ ಅಚ್ಚು ಬೇಕಿಲ್ಲ. ಬಿಳಿಲೋಹ ಎರೆದು ಹೆರೆಯುವ ಕೈ ಮಾತ್ರ ಯಂತ್ರಕ್ಕೆ ಇನ್ನೂ ಪೂರ್ತಿ ಬಂದಿಲ್ಲ, ಆ ಕೈಗಳು ಮುಪ್ಪಾಗಿವೆ. ಅವರ ಅಳತೆಗಳು ಹೆಚ್ಚಾಗಿ ಕಾಗದದ ಮೇಲಿಲ್ಲ. ಎಷ್ಟೋ ಕಡೆ ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿರುತ್ತವೆ, ಸುಣ್ಣ ಬಳಿದಾಗ ಹೋಗುತ್ತವೆ. ನಿಮ್ಮ ಊರಿನಲ್ಲಿ ಅಂಥ ಹಿರಿಯ ಮೇಸ್ತ್ರಿಗಳಿದ್ದರೆ ರಜೆಯಲ್ಲಿ ಒಂದು ಪುಸ್ತಕ ಹಿಡಿದು ಹೋಗಿ, ಯಾವ ಗಾಡಿಗೆ ಯಾವ ಲಾರಿಯ ಭಾಗ ಹೊಂದಿಸಿದಿರಿ, ಎಷ್ಟು ಥೌ ಬಿಟ್ಟಿರಿ ಎಂದು ಕೇಳಿ ಬರೆದುಕೊಳ್ಳಿ.

ನಮ್ಮ ಷೆವರ್ಲೆ ಹೊರಟಿತೆಂದೇ ಇಟ್ಟುಕೊಳ್ಳೋಣ. ಹೊಸ ಬೇರಿಂಗ್, ಹೊಸ ರಿಂಗು ಹಾಕಿದ ಎಂಜಿನ್ನನ್ನು ಮೊದಲ 500 ಮೈಲಿ ನಿಧಾನವಾಗಿ ಪಳಗಿಸಬೇಕು. ಆಮೇಲೆ ಎಣ್ಣೆ ಬಸಿದು ತಳದಲ್ಲಿ ಬಿಳಿಲೋಹದ ಚೂರು ಇದೆಯೇ ಎಂದು ನೋಡಬೇಕು. ಕಾರವಾರದಿಂದ ಅಂಕೋಲೆಗೆ ಹೋಗಿಬಂದರೆ ಸುಮಾರು 70 ಕಿಲೋಮೀಟರ್; ಹನ್ನೆರಡು ಸಲ ಹೋಗಿಬಂದರೆ ಲೆಕ್ಕ ಮುಗಿಯುತ್ತದೆ. ಆರಬೈಲು ಘಟ್ಟ ಅದಾದ ಮೇಲೆ.